ಹೂಮರಕ್ಕೆ ಅಂಟಿದ ಶಲ್ಕ ಕೀಟ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಒಂದೇ ವಿಷಯದ್ದು. ಹೂಬಿಡುವ ಮರಗಳ ಕೊಂಬೆಗೆ, ಎಲೆಗೆ ಅಂಟಿಕೊಂಡ ಗುಳ್ಳೆ, ಚಿಪ್ಪು, ಬಿಳಿ ಹಿಟ್ಟು. ಕೆಲವರು ಫೋಟೋ ಕಳಿಸಿದ್ದೀರಿ. ಒಬ್ಬರು ಹುಳ ಹತ್ತಿದ ಕೊಂಬೆಯನ್ನೇ ಲಕೋಟೆಯಲ್ಲಿ ಹಾಕಿ ಕಳಿಸಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಈ ಹುಳ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವುದೇ ಹೀಗೆ. ಹತ್ತಿರದಿಂದ ತೆಗೆದ ಒಂದು ಫೋಟೋ ಸಾಕು. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಉತ್ತರ ಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮ ಸಂಪಿಗೆ ಮರದ ಎಲೆಗಳೆಲ್ಲ ಮಸಿ ಬಳಿದ ಹಾಗೆ ಕಪ್ಪಾಗಿವೆ. ಮರದ ಕೆಳಗಿನ ಕಲ್ಲುಬೆಂಚು ಮುಟ್ಟಿದರೆ ಅಂಟು ಅಂಟು. ಬೂಷ್ಟಿನ ಔಷಧಿ ಎರಡು ಸಲ ಹೊಡೆಸಿದೆ, ಏನೂ ಆಗಲಿಲ್ಲ. ಎಳೆ ಕೊಂಬೆಗಳ ಮೇಲೆ ಕಂದು ಗುಳ್ಳೆಗಳಿವೆ, ಅವು ತೊಗಟೆಯದೇ ಇರಬೇಕಲ್ವಾ?

ಅಲ್ಲ, ಅವು ಹುಳಗಳು. ಇವೇ ಶಲ್ಕ ಕೀಟಗಳು, ನರ್ಸರಿಯವರು ಸ್ಕೇಲ್ ಅನ್ನುವುದು ಇದನ್ನೇ. ಕಾಲು ಕಾಣುವುದಿಲ್ಲ, ತಲೆ ಕಾಣುವುದಿಲ್ಲ, ಜಾಗ ಬಿಟ್ಟು ಕದಲುವುದಿಲ್ಲ, ಹಾಗಾಗಿ ಎಷ್ಟೋ ಜನ ವರ್ಷಗಟ್ಟಲೆ ನೋಡುತ್ತಿದ್ದರೂ ಹುಳ ಅಂತ ಗೊತ್ತೇ ಆಗುವುದಿಲ್ಲ. ಒಂದು ಗುಳ್ಳೆಯನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿ ನೋಡಿ. ತೊಗಟೆಯದ್ದಾದರೆ ಬರುವುದಿಲ್ಲ, ಅಥವಾ ಬಂದರೆ ಹಸಿರು ಗಾಯ ಬಿಡುತ್ತದೆ. ಹುಳವಾದರೆ ಟಪ್ಪನೆ ಎದ್ದು ಬರುತ್ತದೆ. ಬಲಿತ ಹೆಣ್ಣಾದರೆ ಮಗುಚಿದಾಗ ಒಳಗೆ ನುಣ್ಣನೆ ಪುಡಿಯ ಥರ ಏನೋ ಉದುರುತ್ತದೆ. ಅದು ಪುಡಿಯಲ್ಲ, ಮೊಟ್ಟೆ. ನೂರಾರು ಇರುತ್ತವೆ. ಮೊಟ್ಟೆ ಇಟ್ಟ ಮೇಲೆ ತಾಯಿ ಸತ್ತು ಒಣಗುತ್ತದೆ, ಆದರೆ ಆ ಒಣಗಿದ ಮೈಯೇ ಮೊಟ್ಟೆಗಳಿಗೆ ಮುಚ್ಚಳವಾಗಿ ಉಳಿಯುತ್ತದೆ.

ಈಗ ಅಂಟಿನ ವಿಷಯ. ಈ ಹುಳ ತನ್ನ ಸೂಜಿಯಂಥ ಬಾಯನ್ನು ಮರದ ರಸನಾಳಕ್ಕೆ ಚುಚ್ಚಿ ಕೂತಿರುತ್ತದೆ. ಮರದ ರಸದಲ್ಲಿ ಸಕ್ಕರೆ ತುಂಬಾ, ಹುಳಕ್ಕೆ ಬೇಕಾದ ಪೌಷ್ಟಿಕಾಂಶ ಬಹಳ ಕಡಿಮೆ. ಬೇಕಾದಷ್ಟು ಸಿಗಬೇಕಾದರೆ ಸಿಕ್ಕಾಪಟ್ಟೆ ರಸ ಹೀರಬೇಕು. ಮಿಕ್ಕ ಸಕ್ಕರೆಯನ್ನು ಹಿಂದಿನಿಂದ ಹನಿ ಹನಿಯಾಗಿ ಹೊರಗೆ ಹಾಕುತ್ತದೆ. ನಿಮ್ಮ ಬೆಂಚಿನ ಮೇಲಿನ ಅಂಟು ಅದೇ. ಎಲೆ ಮೇಲೆ ಬಿದ್ದ ಆ ಸಿಹಿಯ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಬೂಷ್ಟು ಎಲೆಯೊಳಗೆ ಹೋಗುವುದಿಲ್ಲ, ಮೇಲ್ಮೈಯಲ್ಲಿ ಸುಮ್ನೆ ಕೂತಿರುತ್ತದೆ, ಬಿಸಿಲು ತಡೆಯುತ್ತದೆ ಅಷ್ಟೇ. ಒದ್ದೆ ಬಟ್ಟೆಯಲ್ಲಿ ಉಜ್ಜಿದರೆ ಕೈಗೆ ಬರುತ್ತದೆ, ನೋಡಿ.

ಅದಕ್ಕೇ ಬೂಷ್ಟಿನ ಔಷಧಿ ಕೆಲಸ ಮಾಡಲಿಲ್ಲ. ಅಂಟು ಬೀಳುವುದು ನಿಂತರೆ ಬೂಷ್ಟು ತಾನಾಗಿ ಒಣಗಿ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಕಪ್ಪಾದ ಹಳೆಯ ಎಲೆಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಹೊಸದಾಗಿ ಬರುವ ಚಿಗುರು ಹಸಿರಾಗಿ, ಸ್ವಚ್ಛವಾಗಿ ಇದೆಯಾ ಅಂತ ನೋಡಿ. ಇದ್ದರೆ ಗೆದ್ದಿರಿ ಅಂತ ಅರ್ಥ.

ಪ್ರಶ್ನೆ: ದೇವಕಣಗಿಲೆ ಮರಕ್ಕೆ ಬೇವಿನೆಣ್ಣೆ ಹೊಡೆದು ಹೊಡೆದು ಸಾಕಾಗಿದೆ. ಹುಳ ಇದ್ದಲ್ಲೇ ಇದೆ. ಬೇರೆ ಏನಾದರೂ ಜೋರಾದ ಔಷಧಿ ಹೇಳಿ.

ಜೋರಾದ್ದು ಬೇಡ, ಸರಿಯಾದ ಹೊತ್ತು ಬೇಕು. ಮೊದಲನೆಯ ಪ್ರಶ್ನೆ, ಆ ಹುಳಗಳು ಈಗ ಬದುಕಿವೆಯೇ? ಇದನ್ನು ಯಾರೂ ನೋಡುವುದೇ ಇಲ್ಲ. ಸತ್ತ ಶಲ್ಕ ಕೀಟ ಮರದಿಂದ ಕೆಳಗೆ ಬೀಳುವುದಿಲ್ಲ, ತಿಂಗಳುಗಟ್ಟಲೆ ಅಲ್ಲೇ ಅಂಟಿಕೊಂಡಿರುತ್ತದೆ. ನೀವು ಸತ್ತ ಹುಳಕ್ಕೇ ಮತ್ತೆ ಮತ್ತೆ ಎಣ್ಣೆ ಹೊಡೆಯುತ್ತಿರಬಹುದು. ಬೇರೆ ಬೇರೆ ಕೊಂಬೆಗಳಲ್ಲಿ ಹತ್ತಿಪ್ಪತ್ತು ಹುಳ ಆರಿಸಿ ಉಗುರಿನಿಂದ ಒತ್ತಿ ನೋಡಿ. ಹಸಿಯಾಗಿ ರಸ ಬಂದರೆ ಬದುಕಿದೆ. ಪುಡಿಯಾಗಿ, ಹೊಟ್ಟಿನಂತೆ ಉದುರಿದರೆ ಸತ್ತು ಎಷ್ಟೋ ದಿನ ಆಗಿದೆ.

ಎರಡನೆಯದು ಮುಖ್ಯ. ಬಲಿತ ಹುಳದ ಮೇಲೆ ಮೇಣದ ಕವಚ ಇರುತ್ತದೆ, ಸಿಂಪಡಣೆ ಒಳಗಿಳಿಯುವುದು ಕಷ್ಟ. ಆದರೆ ಮೊಟ್ಟೆ ಒಡೆದು ಹೊರಬಂದ ಮರಿಗೆ ಕವಚ ಇರುವುದಿಲ್ಲ. ಅದಕ್ಕೆ ಆರು ಕಾಲು ಇರುತ್ತವೆ, ಕೂರಲು ಒಳ್ಳೆಯ ಜಾಗ ಹುಡುಕಿಕೊಂಡು ಕೊಂಬೆ ಮೇಲೆ ಓಡಾಡುತ್ತದೆ. ಜಾಗ ಸಿಕ್ಕಿ ಬಾಯಿ ಚುಚ್ಚಿ ಕೂತ ಮೇಲೆ ಮೇಣ ಕಟ್ಟಲು ಶುರು ಮಾಡುತ್ತದೆ. ಈ ಓಡಾಟದ ಕಾಲವೇ ನಮಗೆ ಸಿಗುವ ಸಂದು. ಇಡೀ ವರ್ಷ ಹೊಡೆದರೂ ಆಗದ ಕೆಲಸ ಈ ಸಂದಿನಲ್ಲಿ ಎರಡು ಸಲ ಹೊಡೆದರೆ ಆಗುತ್ತದೆ.

ಆ ಹೊತ್ತು ಯಾವಾಗ ಬರುತ್ತದೆ? ಒಂದೊಂದು ಜಾತಿಗೆ ಒಂದೊಂದು ಕಾಲ. ಕ್ಯಾಲೆಂಡರ್ ನೋಡಿ ಹೇಳುವುದಕ್ಕೆ ಆಗುವುದಿಲ್ಲ. ಅಮೆರಿಕದಲ್ಲಿ ಮ್ಯಾಗ್ನೋಲಿಯ ಮರಕ್ಕೆ ಹತ್ತುವ ದೊಡ್ಡ ಶಲ್ಕ ಕೀಟಕ್ಕೆ ವರ್ಷಕ್ಕೆ ಒಂದೇ ಪೀಳಿಗೆ, ಅದರ ಮರಿ ಹೊರಬರುವುದು ಅಲ್ಲಿಯ ಬೇಸಿಗೆ ಮುಗಿಯುವ ಹೊತ್ತಿಗೆ, ಅಂದರೆ ಆಗಸ್ಟ್-ಸೆಪ್ಟೆಂಬರ್‌ನಲ್ಲಿ. ಚಳಿಯೇ ಇಲ್ಲದ ಜಾಗಗಳಲ್ಲಿ ಎಷ್ಟೋ ಜಾತಿಗಳು ವರ್ಷವಿಡೀ ಒಂದರ ಮೇಲೊಂದು ಪೀಳಿಗೆ ಬೆಳೆಸುತ್ತವೆ. ಹಾಗಾಗಿ ಮರವನ್ನೇ ಕೇಳಬೇಕು. ಎರಡೂ ಕಡೆ ಅಂಟಿರುವ ಟೇಪು ತೆಗೆದುಕೊಳ್ಳಿ. ಹುಳ ಜಾಸ್ತಿ ಇರುವ ಸಣ್ಣ ಕೊಂಬೆಗೆ ಒಂದು ಸುತ್ತು ಬಿಗಿಯಾಗಿ ಸುತ್ತಿ, ತುದಿಯನ್ನು ಮಡಚಿ ಬಿಡಿ, ಬಿಚ್ಚಲು ಸುಲಭ. ವಾರಕ್ಕೊಮ್ಮೆ ಬಿಚ್ಚಿ, ಬಿಳಿ ಹಾಳೆಗೆ ಅಂಟಿಸಿ, ಭೂತಗನ್ನಡಿ ಹಿಡಿದು ನೋಡಿ. ಹಳದಿ, ಕಿತ್ತಳೆ ಅಥವಾ ಗುಲಾಬಿ ಬಣ್ಣದ, ಚುಕ್ಕೆಗಿಂತ ಸಣ್ಣ ಕಣಗಳು ಸಾಲುಗಟ್ಟಿ ಸಿಕ್ಕಿಕೊಂಡಿದ್ದರೆ ಅವೇ ಮರಿಗಳು. ಧೂಳು ಹಾಗೆ ಒಂದೇ ಗಾತ್ರದಲ್ಲಿ, ಒಂದೇ ಬಣ್ಣದಲ್ಲಿ ಇರುವುದಿಲ್ಲ. ಕೆಲವಕ್ಕೆ ಇನ್ನೂ ಕಾಲು ಆಡುತ್ತಿರುತ್ತದೆ.

ಮರಿ ಕಂಡ ಕೂಡಲೇ ಹೊಡೆಯಿರಿ. ಎಲ್ಲ ಮೊಟ್ಟೆಗಳೂ ಒಂದೇ ದಿನ ಒಡೆಯುವುದಿಲ್ಲ, ಹೊರಬರುವುದು ವಾರಗಟ್ಟಲೆ ನಡೆಯುತ್ತದೆ, ಅದಕ್ಕೆ 10ರಿಂದ 14 ದಿನ ಬಿಟ್ಟು ಇನ್ನೊಮ್ಮೆ ಹೊಡೆಯಬೇಕು.

ಬೇವಿನೆಣ್ಣೆ ಆಗಬಹುದು, ಆದರೆ ನನ್ನ ಒಲವು ಗಿಡಗಳಿಗೆಂದೇ ತಯಾರಿಸಿದ ಶುದ್ಧ ಖನಿಜ ಎಣ್ಣೆಯ ಕಡೆಗೆ, ತೋಟಗಾರಿಕೆ ಎಣ್ಣೆ ಅಂತ ಸಿಗುತ್ತದೆ. ಅದು ವಿಷ ಹಾಕಿ ಕೊಲ್ಲುವುದಿಲ್ಲ. ಹುಳ ಉಸಿರಾಡುವ ರಂಧ್ರಗಳನ್ನು ಮುಚ್ಚುತ್ತದೆ. ಒಣಗಿದ ಮೇಲೆ ಬಂದು ಕೂರುವ ಉಪಕಾರಿ ಹುಳಗಳಿಗೆ ತೊಂದರೆ ಬಹಳ ಕಡಿಮೆ. ಎಲೆ ಇರುವಾಗ ಸಾಮಾನ್ಯವಾಗಿ ಲೀಟರ್ ನೀರಿಗೆ 10ರಿಂದ 20 ಮಿ.ಲೀ., ಎಲೆ ಉದುರಿ ಬೋಳಾಗಿ ನಿದ್ದೆಯಲ್ಲಿರುವ ಮರಕ್ಕೆ 30ರಿಂದ 40 ಮಿ.ಲೀ. ನಿಮ್ಮ ಡಬ್ಬಿಯ ಲೇಬಲ್ ಬೇರೆ ಹೇಳಿದರೆ ಲೇಬಲ್ ಹೇಳಿದ್ದೇ ಸರಿ. ಎಣ್ಣೆ ತಾಗಿದ ಹುಳ ಮಾತ್ರ ಸಾಯುತ್ತದೆ, ತಾಗದಿದ್ದರೆ ಇಲ್ಲ. ಎಲೆಯ ಅಡಿಭಾಗ, ಕೊಂಬೆ ಕವಲೊಡೆಯುವ ಸಂದು, ತೊಗಟೆಯ ಬಿರುಕು, ಎಲ್ಲ ಕಡೆ ತೊಯ್ಯಬೇಕು. ಸುಡುಬಿಸಿಲಲ್ಲಿ ಹೊಡೆಯಬೇಡಿ, 32 ಡಿಗ್ರಿ ದಾಟಿದ ದಿನ ಬೇಡವೇ ಬೇಡ. ನೀರಿಲ್ಲದೆ ಬಾಡಿ ನಿಂತ ಮರಕ್ಕೂ ಬೇಡ, ಮೊದಲು ನೀರು ಕೊಡಿ. ಗಂಧಕದ ಪುಡಿಯೋ ದ್ರಾವಣವೋ ಹಾಕಿ ತಿಂಗಳಾಗಿರದಿದ್ದರೆ ಎಣ್ಣೆ ಮುಟ್ಟಲೇಬೇಡಿ, ಎಲೆ ಸುಟ್ಟುಹೋಗುತ್ತದೆ.

ಪ್ರಶ್ನೆ: ಕಣಗಿಲೆಯ ಎಲೆಗಳ ಮೇಲೆ ಬಿಳಿ ಬಿಳಿ ದುಂಡು ಚುಕ್ಕೆಗಳು. ಅಂಟೂ ಇಲ್ಲ, ಇರುವೆಯೂ ಇಲ್ಲ, ಕಪ್ಪೂ ಇಲ್ಲ. ಇದೂ ಅದೇ ಹುಳವೇ?

ಅದೇ ಕುಲ, ಬೇರೆ ಮನೆತನ. ಇದಕ್ಕೆ ಗಟ್ಟಿ ಚಿಪ್ಪಿನ ಶಲ್ಕ ಕೀಟ ಅನ್ನೋಣ. ಸೂಜಿಯ ತುದಿಯಿಂದ ಆ ಬಿಳಿ ಬಿಲ್ಲೆಯನ್ನು ಎತ್ತಿದರೆ ಚಿಪ್ಪು ಬೇರೆಯಾಗಿ ಬರುತ್ತದೆ, ಕೆಳಗೆ ಹಳದಿ ಹುಳ ಹಾಗೇ ಕೂತಿರುತ್ತದೆ. ಮೇಲೆ ಸಂಪಿಗೆ ಮರದಲ್ಲಿ ಕಂಡ, ಅಂಟು ಬೀಳಿಸುವ ಮೆತ್ತನೆ ಜಾತಿಯಲ್ಲಿ ಹಾಗಲ್ಲ, ಅದರ ಮೇಣ ಮೈಗೇ ಅಂಟಿರುತ್ತದೆ, ಎತ್ತಿದರೆ ಹುಳವೇ ಬರುತ್ತದೆ.

ಗಟ್ಟಿ ಚಿಪ್ಪಿನದು ರಸನಾಳಕ್ಕೆ ಬಾಯಿ ಹಾಕುವುದಿಲ್ಲ. ಎಲೆ, ತೊಗಟೆಯ ಜೀವಕೋಶಗಳನ್ನೇ ಒಂದೊಂದಾಗಿ ಚುಚ್ಚಿ ಖಾಲಿ ಮಾಡುತ್ತದೆ. ಅದಕ್ಕೇ ಅಂಟಿಲ್ಲ. ಎಲೆಯ ಮೇಲೆ ಹಳದಿ ಮಚ್ಚೆ, ತುದಿಯಿಂದ ಒಣಗುವ ಕೊಂಬೆ, ಇದೇ ಇದರ ಗುರುತು. ಅಂಟಿಲ್ಲ ಅಂತ ಸದರ ಮಾಡಬೇಡಿ. ಕೊಂಬೆಗಳನ್ನು ಒಣಗಿಸುವುದರಲ್ಲಿ ಇದೇ ಜೋರು.

ಇದಕ್ಕೂ ಮರಿ ಓಡಾಡುವ ಹೊತ್ತಿಗೆ ಎಣ್ಣೆಯೇ ಮದ್ದು. ಬೇರಿಗೆ ಹಾಕುವ ಇಮಿಡಾಕ್ಲೋಪ್ರಿಡ್ ಅನ್ನುವ ಕೀಟನಾಶಕ ಈ ಜಾತಿಗೆ ನಾಟುವುದಿಲ್ಲ, ದುಡ್ಡು ದಂಡ. ತೀರಾ ಹುಳ ತುಂಬಿದ ಕೊಂಬೆಗಳನ್ನು ಸವರಿ ತೆಗೆದುಬಿಡಿ.

ಪ್ರಶ್ನೆ: ಕ್ರೇಪ್ ಮರ್ಟಲ್ ಮರದ ಕಾಂಡಕ್ಕೆ ಬಿಳಿ ಹುಳ ಹತ್ತಿದೆ, ಒತ್ತಿದರೆ ಗುಲಾಬಿ ರಸ ಬರುತ್ತದೆ. ಬುಡಕ್ಕೆ ಇಮಿಡಾಕ್ಲೋಪ್ರಿಡ್ ಸುರಿದರೆ ವರ್ಷವಿಡೀ ಚಿಂತೆಯಿಲ್ಲ ಅಂತ ನರ್ಸರಿಯಲ್ಲಿ ಹೇಳಿದರು. ಸುರಿಯಲೇ?

ಬೇಡ. ಕಾರಣ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ಇದೇ ಸಲಹೆ ಸಿಕ್ಕಿದೆ ಅಂತ ಇನ್ನೂ ಎಷ್ಟೋ ಜನ ಬರೆದಿದ್ದೀರಿ.

ನೀವು ಹೇಳಿದ ಗುಲಾಬಿ ರಸದ ಗುರುತು ಸರಿಯಾಗಿದೆ, ಅದು ಕ್ರೇಪ್ ಮರ್ಟಲ್ ತೊಗಟೆಯ ಶಲ್ಕ ಕೀಟ. ಏಷ್ಯಾ ಮೂಲದ್ದು, ಅಮೆರಿಕದಲ್ಲಿ ಮೊದಲು ಕಂಡಿದ್ದು 2004ರಲ್ಲಿ, ಟೆಕ್ಸಾಸ್‌ನಲ್ಲಿ. ಬುಡಕ್ಕೆ ಸುರಿದ ಔಷಧಿ ಈ ಹುಳವನ್ನು ಕೊಲ್ಲುತ್ತದೆ ಅನ್ನುವುದು ನಿಜ. ಬೇರು ಅದನ್ನು ಹೀರುತ್ತದೆ, ಮರದ ತುಂಬಾ ಹರಡುತ್ತದೆ, ರಸ ಕುಡಿದ ಹುಳ ಸಾಯುತ್ತದೆ. ಆದರೆ ಮರದ ತುಂಬಾ ಅಂದರೆ ಹೂವಿನ ಪರಾಗಕ್ಕೂ ಹೋಯಿತು ಅಂತಲೇ ಅರ್ಥ. ನಾವು ಈ ಮರ ನೆಡುವುದೇ ಹೂವಿಗಾಗಿ. ತಿಂಗಳುಗಟ್ಟಲೆ ಗೊಂಚಲು ಗೊಂಚಲು ಹೂಬಿಡುತ್ತದೆ, ಜೇನು ಬಂದು ಮುತ್ತುತ್ತದೆ. ಅಂಥ ಮರವನ್ನು ಒಳಗಿನಿಂದಲೇ ವಿಷ ಮಾಡಿ ಬಾಗಿಲು ತೆರೆದಿಟ್ಟರೆ ಹೇಗೆ?

2013ರ ಜೂನ್‌ನಲ್ಲಿ ಅಮೆರಿಕದ ಒರೆಗಾನ್ ರಾಜ್ಯದ ವಿಲ್ಸನ್‌ವಿಲ್‌ನಲ್ಲಿ ಏನಾಯಿತು ಗೊತ್ತಾ? ಒಂದು ಪಾರ್ಕಿಂಗ್ ಜಾಗದಲ್ಲಿ ಸಾಲಾಗಿ ಲಿಂಡನ್ ಮರಗಳು. ಗಿಡಹೇನಿನ ಅಂಟು ಬೀಳುತ್ತಿದೆ ಅಂತ, ಮರ ಹೂವಲ್ಲಿರುವಾಗಲೇ ಡೈನೋಟೆಫ್ಯೂರಾನ್ ಹೊಡೆದರು. ಇದೂ ಇಮಿಡಾಕ್ಲೋಪ್ರಿಡ್ ಗುಂಪಿನದೇ. ಮರದಡಿ ಸತ್ತುಬಿದ್ದ ಬಂಬಲ್‌ಬೀಗಳು (ಜೇನಿನ ಬಳಗದ ದಪ್ಪ ದುಂಬಿಗಳು) ಸುಮಾರು 50,000. ಉಳಿದವು ಬರದಂತೆ ಮರಗಳಿಗೇ ಬಲೆ ಹೊದಿಸಬೇಕಾಯಿತು. ಅಂಟಿನ ಕಿರಿಕಿರಿ ತಪ್ಪಿಸಲು ಕೊಟ್ಟ ಬೆಲೆ ಅದು. ಯುರೋಪಿಯನ್ ಒಕ್ಕೂಟವಂತೂ ಜೇನಿಗೆ ಅಪಾಯ ಅನ್ನುವ ಕಾರಣಕ್ಕೇ ಇಮಿಡಾಕ್ಲೋಪ್ರಿಡ್ ಸೇರಿ ಈ ಗುಂಪಿನ ಮೂರು ಔಷಧಿಗಳನ್ನು ಹೊರಾಂಗಣದಲ್ಲಿ ಬಳಸಬಾರದು ಅಂತ 2018ರಲ್ಲಿ ನಿಷೇಧಿಸಿತು.

ಇನ್ನೊಂದು ತೊಂದರೆಯೂ ಇದೆ. ಇಮಿಡಾಕ್ಲೋಪ್ರಿಡ್ ಹಾಕಿದ ಮರಗಳಲ್ಲಿ ಕೆಲವು ಸಲ ಕೆಂಪು ನುಸಿ ಹೆಚ್ಚಾಗುತ್ತದೆ. ಒಂದು ಹೋಯಿತು ಅನ್ನುವಷ್ಟರಲ್ಲಿ ಇನ್ನೊಂದು.

ಹಾಗಾದರೆ ಏನು ಮಾಡುವುದು? ಒಂದು ಬಕೆಟ್ ನೀರಿಗೆ ಸ್ವಲ್ಪ ಸೌಮ್ಯವಾದ ಸೋಪು ಬೆರೆಸಿ, ಮೆತ್ತನೆ ಬ್ರಷ್ಷಿನಿಂದ ಕಾಂಡ ತೊಳೆಯಿರಿ. ಬಹಳ ಸಾದಾ ಕೆಲಸ ಅನ್ನಿಸುತ್ತದೆ, ಆದರೆ ಹೆಣ್ಣು ಹುಳ, ಮೊಟ್ಟೆಚೀಲ, ಕಪ್ಪು ಬೂಷ್ಟು ಎಲ್ಲ ಒಟ್ಟಿಗೆ ಹೋಗುತ್ತದೆ. ಈ ಮರದ ತೊಗಟೆ ನುಣುಪು, ತೊಳೆಯಲು ಹೇಳಿ ಮಾಡಿಸಿದ ಹಾಗಿದೆ. ಕೊಂಬೆ ಕವಲೊಡೆಯುವ ಕಡೆ ಮತ್ತು ಹಿಂದೆ ಕತ್ತರಿಸಿದ ಗಾಯದ ಸುತ್ತ ಜಾಸ್ತಿ ಅಡಗಿರುತ್ತವೆ, ಅಲ್ಲಿ ನಿಧಾನವಾಗಿ ಉಜ್ಜಿ. ತೊಗಟೆ ಕಿತ್ತುಬರುವಷ್ಟು ಒತ್ತಬೇಡಿ. ಎಲೆ ಉದುರಿದ ಕಾಲದಲ್ಲಿ ಎಣ್ಣೆ ಹೊಡೆಯಿರಿ. ಕೈಗೆ ಎಟುಕದಷ್ಟು ಎತ್ತರದ ಮರವಾದರೆ ಕಾಂಡ, ದೊಡ್ಡ ಕೊಂಬೆಗಳನ್ನಾದರೂ ತೊಳೆಯಿರಿ, ಮಿಕ್ಕಿದ್ದಕ್ಕೆ ಜೋರು ನೀರಿನ ಪೈಪು.

ಪ್ರಶ್ನೆ: ಮರದ ತುಂಬಾ ಇರುವೆ. ಇರುವೆಯೇ ಈ ಹುಳಗಳನ್ನು ತಂದು ಬಿಡುತ್ತದೆಯಂತೆ, ನಿಜವೇ?

ತಂದು ಬಿಡುವುದಕ್ಕಿಂತ ಕಾವಲು ಕಾಯುವುದು ಜಾಸ್ತಿ. ಸಿಹಿ ಅಂಟಿಗಾಗಿ ಇರುವೆ ಹುಳದ ಹತ್ತಿರವೇ ಓಡಾಡುತ್ತಿರುತ್ತದೆ, ಹುಳ ತಿನ್ನಲು ಬಂದ ಗುಲಗಂಜಿ ಹುಳುವನ್ನೂ ಸಣ್ಣ ಕಣಜಗಳನ್ನೂ ಓಡಿಸುತ್ತದೆ. ಇರುವೆಯನ್ನು ತಡೆದರೆ ಎಷ್ಟೋ ಸಲ ಅರ್ಧ ಕೆಲಸ ತಾನಾಗಿ ಮುಗಿಯುತ್ತದೆ. ಕಾಂಡಕ್ಕೆ ಬಟ್ಟೆಯ ಇಲ್ಲವೇ ದಪ್ಪ ಕಾಗದದ ಪಟ್ಟಿ ಸುತ್ತಿ, ಅದರ ಮೇಲೆ ಅಂಟು ಬಳಿಯಿರಿ. ತೊಗಟೆಗೇ ನೇರವಾಗಿ ಬಳಿಯಬೇಡಿ. ಪಟ್ಟಿಯ ಕೆಳಗೆ ಸಂದು ಉಳಿದರೆ ಇರುವೆ ಅಲ್ಲಿಂದಲೇ ನುಸುಳುತ್ತದೆ. ಗೋಡೆಗೋ, ಬೇಲಿಗೋ, ಪಕ್ಕದ ಗಿಡಕ್ಕೋ ತಾಗಿದ ಒಂದು ಕೊಂಬೆ ಇದ್ದರೂ ಪಟ್ಟಿ ವ್ಯರ್ಥ, ಅದನ್ನು ಮೊದಲು ಕತ್ತರಿಸಿ. ಧೂಳು, ಕಸ ಕೂತು ಅಂಟು ಒಣಗುತ್ತದೆ, ಆಗಾಗ ನೋಡುತ್ತಿರಿ. ಪಟ್ಟಿ ಕಾಂಡವನ್ನು ಬಿಗಿಯುವಷ್ಟು ದಿನ ಹಾಗೇ ಬಿಡಬೇಡಿ.

ಪ್ರಶ್ನೆ: ದಾಸವಾಳದ ಮೇಲೆ ಹತ್ತಿಯಂಥ ಬಿಳಿ ಎಳೆಗಳಿರುವ ದೊಡ್ಡ ಹುಳ ಬಂದಿದೆ. ಶಲ್ಕ ಕೀಟಗಳ ನಡುವೆಯೇ ಚುರುಕಾಗಿ ಓಡಾಡುತ್ತದೆ. ಹೇಗೆ ಕೊಲ್ಲುವುದು?

ಕೊಲ್ಲಬೇಡಿ! ಚುರುಕಾಗಿ ಓಡಾಡುತ್ತದೆ ಅಂದಿರಲ್ಲ, ಅದೇ ಸುಳಿವು. ಮೈಗೆ ಬಿಳಿ ಹಿಟ್ಟು ಮೆತ್ತಿಕೊಂಡು ರಸ ಹೀರುವ ಹಿಟ್ಟು ತಿಗಣೆ (ಮೀಲಿಬಗ್) ಇಷ್ಟು ವೇಗವಾಗಿ ಓಡುವುದಿಲ್ಲ. ನಿಮ್ಮ ಫೋಟೋದಲ್ಲಿರುವುದು ಕ್ರಿಪ್ಟೊಲೀಮಸ್ ಅನ್ನುವ ಗುಲಗಂಜಿ ಹುಳುವಿನ ಮರಿಯ ಹಾಗೇ ಇದೆ. ಹೊರಗೆ ಹಿಟ್ಟು ತಿಗಣೆಯ ವೇಷ, ತಿನ್ನುವುದು ಹಿಟ್ಟು ತಿಗಣೆಯನ್ನೂ ಮೆತ್ತನೆ ಶಲ್ಕ ಕೀಟಗಳನ್ನೂ. ಎಷ್ಟೋ ಜನ ಇದನ್ನೇ ಆರಿಸಿ ಆರಿಸಿ ಕೊಲ್ಲುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ.

ಗುಲಗಂಜಿ ಹುಳುವಿನ ಶಕ್ತಿ ಏನು ಅಂತ ತಿಳಿಯಬೇಕಾದರೆ 1888ಕ್ಕೆ ಹೋಗಬೇಕು. ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳು ಹತ್ತಿ ಮೆತ್ತೆಯ ಶಲ್ಕ ಕೀಟಕ್ಕೆ ಸಿಕ್ಕಿ ನಾಶವಾಗುತ್ತಿದ್ದವು, ಯಾವ ಔಷಧಿಯೂ ನಾಟುತ್ತಿರಲಿಲ್ಲ. ಆ ಕೀಟ ಹೋಗಿದ್ದೇ ಆಸ್ಟ್ರೇಲಿಯಾದಿಂದ. ಆಲ್ಬರ್ಟ್ ಕೋಬೆಲೆ ಅನ್ನುವ ಕೀಟತಜ್ಞ ಅಲ್ಲಿಗೇ ಹೋಗಿ, ಅದನ್ನು ತಿನ್ನುವ ವೆಡಾಲಿಯ ಅನ್ನುವ ಪುಟ್ಟ ಕೆಂಪು ಗುಲಗಂಜಿ ಹುಳುವನ್ನು ಹುಡುಕಿ ಹಡಗಿನಲ್ಲಿ ಕಳಿಸಿದರು. ಮೊದಲು ತಲುಪಿದ್ದು 129 ಹುಳು. 1889 ಮುಗಿಯುವ ಹೊತ್ತಿಗೆ ತೋಟಗಳು ಚೇತರಿಸಿಕೊಂಡಿದ್ದವು. ಇವತ್ತಿಗೂ ಆ ಹುಳು ಕೆಲಸ ಮಾಡುತ್ತಲೇ ಇದೆ, ನಾವು ಕೀಟನಾಶಕ ಹೊಡೆದು ಅದನ್ನು ಕೊಲ್ಲದಿದ್ದರೆ.

ಕಣ್ಣಿಗೆ ಕಾಣದ ಇನ್ನೊಬ್ಬ ಗೆಳೆಯ ಸಣ್ಣ ಕಣಜ. ಅದು ಶಲ್ಕ ಕೀಟದ ಮೈಯಲ್ಲಿ ಮೊಟ್ಟೆ ಇಡುತ್ತದೆ, ಅದರ ಮರಿ ಒಳಗಿನಿಂದ ತಿಂದು, ಬೆನ್ನಿಗೆ ದುಂಡನೆ ತೂತು ಕೊರೆದು ಹೊರಬರುತ್ತದೆ. ನಿಮ್ಮ ಮರದ ಹುಳಗಳಲ್ಲಿ ಹಾಗೆ ಅಚ್ಚುಕಟ್ಟಾದ ತೂತುಗಳು ಕಂಡರೆ ಸಿಂಪಡಣೆ ನಿಲ್ಲಿಸಿ, ಕಾದು ನೋಡಿ.

ಒಂದು ಮಾತು ಸೊಳ್ಳೆ ಔಷಧಿಯ ಬಗ್ಗೆಯೂ. ಕ್ಯಾಲಿಫೋರ್ನಿಯಾದ ಸೌತ್ ಲೇಕ್ ಟಾಹೋದಲ್ಲಿ ಸೊಳ್ಳೆಗಾಗಿ ಮ್ಯಾಲಾಥಿಯಾನ್ ಹೊಗೆ ಬಿಡುತ್ತಿದ್ದ ಕಾಲದಲ್ಲಿ ಪೈನ್ ಮರಗಳಲ್ಲಿ ಶಲ್ಕ ಕೀಟ ವಿಪರೀತ ಹೆಚ್ಚಿತು. ಹೊಗೆ ನಿಲ್ಲಿಸಿದ ಮೇಲೆ ಅದರ ಶತ್ರುಗಳು ಮರಳಿ ಬಂದವು, ಕೀಟ ತಾನಾಗಿ ಇಳಿಯಿತು. ಚಿಪ್ಪಿನೊಳಗಿನ ಹುಳ ಬದುಕಿತ್ತು, ಹೊರಗೆ ಹಾರಾಡುವ ಕಣಜ ಸತ್ತಿತ್ತು. ಮನೆಯಂಗಳದಲ್ಲಿ ಜೋರು ಕೀಟನಾಶಕ ಹೊಡೆದಾಗ ಆಗುವುದೂ ಇದೇ.

ಪ್ರಶ್ನೆ: ಮರ ಸೊರಗಿದೆ ಅಂತ ಯೂರಿಯಾ ಹಾಕುತ್ತಿದ್ದೇನೆ. ಜಾಸ್ತಿ ಮಾಡಲೇ?

ನಿಲ್ಲಿಸಿ. ಸಾರಜನಕ ಜಾಸ್ತಿಯಾದರೆ ರಸ ಪುಷ್ಟಿಯಾಗುತ್ತದೆ, ಲಾಭ ಹುಳಕ್ಕೆ. ಮೊಟ್ಟೆ ಜಾಸ್ತಿ ಇಡುತ್ತದೆ. ಸೊರಗಿದ ಮರಕ್ಕೆ ಬೇಕಾದ್ದು ನೀರು. ಬುಡದ ಹತ್ತಿರ ಅಲ್ಲ, ಕೊಂಬೆಗಳ ನೆರಳು ಬೀಳುವಷ್ಟು ಅಗಲಕ್ಕೆ, ಆಳವಾಗಿ. ಬೇರಿನ ಮೇಲೆ ಒಣ ಎಲೆಯ ಹೊದಿಕೆ ಹಾಸಿ, ಕಾಂಡಕ್ಕೆ ತಾಗಿಸಬೇಡಿ. ಸುತ್ತ ಡಾಂಬರು, ಕಾಂಕ್ರೀಟು ಇರುವ ಮರಕ್ಕೆ ಇದು ಇನ್ನೂ ಮುಖ್ಯ, ಕಾವು ಹೆಚ್ಚಿದಷ್ಟೂ ಕೆಲವು ಶಲ್ಕ ಕೀಟಗಳಿಗೆ ಹಬ್ಬ.

ಪ್ರಶ್ನೆ: ಸೀಮೆಎಣ್ಣೆ, ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ ಹೊಡೆಯಬಹುದಾ?

ಸೀಮೆಎಣ್ಣೆ ಬೇಡ, ಎಲೆ ಸುಡುತ್ತದೆ. ಪಾತ್ರೆಯ ಲಿಕ್ವಿಡ್ ಎಲೆಯ ಮೇಲಿನ ಮೇಣ ತೆಗೆಯುತ್ತದೆ. ಗಿಡಕ್ಕೆಂದೇ ಮಾಡಿದ ಕೀಟನಾಶಕ ಸೋಪು ಬಳಸಿ, ಅದೂ ಮರಿಗಳಿಗೆ ಮಾತ್ರ ನಾಟುತ್ತದೆ. ಯಾವುದೇ ಆಗಲಿ, ಮೊದಲು ಒಂದು ಕೊಂಬೆಗೆ ಹೊಡೆದು ಎರಡು ದಿನ ನೋಡಿ.

ಪ್ರಶ್ನೆ: ಪೂರ್ತಿ ಹುಳ ಹತ್ತಿದ ಹಳೆಯ ಮರ ಕಡಿದು ಹೊಸ ಗಿಡ ನೆಡೋಣ ಅಂದುಕೊಂಡಿದ್ದೇವೆ. ಏನು ಎಚ್ಚರ ವಹಿಸಬೇಕು?

ಕಡಿಯುವ ಮುಂಚೆ ಒಂದು ವರ್ಷ ಕೊಡಿ. ಒಣಗಿದ ಕೊಂಬೆ ಸವರಿ, ನೀರು ಕೊಡಿ, ಮರಿ ಹೊತ್ತಿಗೆ ಎಣ್ಣೆ, ಇರುವೆಗೆ ಪಟ್ಟಿ. ಬೇರು ಗಟ್ಟಿಯಾಗಿರುವ ಹಳೆಯ ಮರ ಚೇತರಿಸಿಕೊಳ್ಳುವ ಪರಿ ನೋಡಿದರೆ ನಿಮಗೇ ಆಶ್ಚರ್ಯ ಆಗಬಹುದು. ಅಷ್ಟಾದರೂ ಚಿಗುರಲಿಲ್ಲ ಅಂದರೆ ಕಡಿಯಿರಿ. ಕಡಿದ ಕೊಂಬೆಗಳನ್ನು ಬೇರೆ ಮರಗಳ ಕೆಳಗೆ ರಾಶಿ ಹಾಕಬೇಡಿ, ಮರಿಗಳು ನಡೆದು ಹೋಗುತ್ತವೆ, ಗಾಳಿಯಲ್ಲೂ ಹಾರುತ್ತವೆ.

ಹೊಸ ಗಿಡ ಕೊಳ್ಳುವಾಗ ಹೂವು ನೋಡಿ ಮರುಳಾಗಬೇಡಿ. ಎಲೆ ಮಗುಚಿ ಅಡಿಯ ನಡುನರದ ಉದ್ದಕ್ಕೂ ನೋಡಿ, ಕೊಂಬೆಯ ಮೇಲೆ ಬೆರಳಾಡಿಸಿ, ಗುಳ್ಳೆ ಸಿಕ್ಕರೆ ಅಲ್ಲೇ ಬಿಟ್ಟುಬನ್ನಿ. ತಂದ ಗಿಡವನ್ನು ಮೂರು ನಾಲ್ಕು ವಾರ ಉಳಿದ ಗಿಡಗಳಿಂದ ದೂರ ಇಡಿ, ಆ ಹೊತ್ತಿಗೆ ಅಂಟೋ ಇರುವೆಯೋ ಕಾಣದಿದ್ದರೆ ನೆಡಿ. ಗಟ್ಟಿ ಚಿಪ್ಪಿನದಕ್ಕೆ ಅಂಟಿರುವುದಿಲ್ಲ, ಹಾಗಾಗಿ ನೆಡುವ ದಿನ ಎಲೆಗಳನ್ನು ಇನ್ನೊಮ್ಮೆ ಮಗುಚಿ ನೋಡಿ.